ಸಸ್ಯಗಳ ವಂಶಾವಳಿಯನ್ನು ಶೋಧಿಸಿದ ಕನ್ನಡಿಗರು

ಶೃಂಗೇರಿ ಸೀಮೆಯ ಅಡ್ಡಗದ್ದೆಯ ಕಡೆ ಅಡಕೆಯ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯನ್ನು ಕಾಣದವರುಂಟೆ? ಆ ಬಳ್ಳಿಗೆ ದಾಯಾದಿಗಳು ಯಾರೆಂದು ವಿಚಾರಿಸುವವರು ಮಾತ್ರ ವಿರಳ. ಅಂತಹ ವಿಚಾರಕ್ಕಾಗಿ ಆಯುಷ್ಯವನ್ನು ಸವೆಸಿದ ಬಿ. ಜಿ. ಎಲ್. ಸ್ವಾಮಿಯವರನ್ನು (1918–1980) ನಮ್ಮ ಜನರು ಡಿ. ವಿ. ಗುಂಡಪ್ಪನವರ ಪುತ್ರರೆಂದೂ, 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನು ಪಡೆದ ಹಸುರು ಹೊನ್ನು ಎಂಬ ಗ್ರಂಥದ ಕರ್ತೃವೆಂದೂ ಬಲ್ಲರು. ಅವರ ಮುಖ್ಯ ಕಾರ್ಯವು ಸೂಕ್ಷ್ಮದರ್ಶಕದ ಕೆಳಗೆ ನಡೆದುದೆಂಬುದನ್ನು ಅರಿತವರು ಕಡಮೆ. ಇದು ನಮಗೆ ಖೇದಕರವಾಗಿ ತೋರುತ್ತದೆ.

ಬೆಂಗಳೂರಿನಲ್ಲಿ ವ್ಯಾಸಂಗ ಮಾಡಿದ ಸ್ವಾಮಿಯವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಇರ್ವಿಂಗ್ ಬೈಲಿ ಎಂಬ ಪಂಡಿತರೊಡನೆ ಕೂಡಿ ಸಂಶೋಧನೆ ನಡೆಯಿಸಿದರು. ಹೂಬಿಡುವ ಸಸ್ಯಗಳಲ್ಲಿ ಯಾವುದು ಹಿರಿಯ ಕವಲು, ಯಾವುದು ಕಿರಿಯದು ಎಂಬುದೇ ಅವರ ಮುಂದಿದ್ದ ವ್ಯಾಜ್ಯ. ದಾಯಭಾಗದ ಮೊಕದ್ದಮೆಯಲ್ಲಿ ಮೂಗಿನ ಹೋಲಿಕೆಯನ್ನು ನೋಡಿ ಯಾವ ನ್ಯಾಯಾಧಿಪತಿಯೂ ತೀರ್ಪು ಕೊಡಲಾರರು. ಹಳೆಯ ಕಾಗದಪತ್ರಗಳನ್ನು ಕೇಳುವರು. ಸಸ್ಯಗಳ ಕಾಗದಪತ್ರವು ಕಾಷ್ಠದೊಳಗೆ ಅಡಗಿರುತ್ತದೆ. ಬಹುತೇಕ ಹೂಗಿಡಗಳಲ್ಲಿ ನೀರು ಏರುವುದು ತುದಿ ತೆರೆದು ಒಂದಕ್ಕೊಂದು ಕೂಡಿದ ನಾಳಗಳಲ್ಲಿ. ದೇವದಾರು ಮೊದಲಾದ ಮರಗಳಲ್ಲಾದರೋ ತುದಿ ಮುಚ್ಚಿದ ನೀಳವಾದ ಕೋಶಗಳೇ ಉಂಟು. ನೀರು ಅವುಗಳ ಗೋಡೆಯ ತೆಳು ಕುಳಿಗಳ ಮೂಲಕ ಒಸರಬೇಕು. ಮುಚ್ಚಿದ ಕೋಶವೇ ಮೊದಲಿನದು, ತೆರೆದ ನಾಳವು ಆಮೇಲಿನದು ಎಂಬುದು ಬೈಲಿಯವರ ಸಿದ್ಧಾಂತ. ಹಾಗಾದರೆ ನಾಳವೇ ಇಲ್ಲದ ಹೂಗಿಡವು ಬಲು ಹಳೆಯ ಕವಲಿನದಿರಬಹುದಷ್ಟೆ. ಆದರೆ ಒಂದೇ ಸಾಕ್ಷಿಯನ್ನು ನೆಚ್ಚದೆ ಪರಾಗ, ಅಂಡಾಶಯ, ಭ್ರೂಣಗಳನ್ನೂ ಸ್ವಾಮಿಯವರು ಪರೀಕ್ಷಿಸಿದರು. ನಮ್ಮ ಎಣಿಕೆಯಲ್ಲಿ ಅವರ ಹಿರಿಮೆಯೆಲ್ಲ ಇಲ್ಲಿಯೇ ಇದೆ.

ನ್ಯೂ ಕ್ಯಾಲೆಡೋನಿಯಾ ದ್ವೀಪದ ಆಂಬೊರೆಲ್ಲಾ ಎಂಬ ನಾಳರಹಿತ ಗಿಡದ ರಚನೆಯನ್ನು ಇಬ್ಬರೂ 1948ರಲ್ಲಿ ಪ್ರಕಟಿಸಿದರು. ನಮ್ಮ ಪಶ್ಚಿಮ ಘಟ್ಟದಲ್ಲಿಯೂ ಬೆಳೆಯುವ ಸಾರ್ಕಾಂಡ್ರಾ ನಾಳಹೀನವೆಂದು 1950ರಲ್ಲಿ ಸಾರಿದರು. ಆ ಗಿಡದ ಕುಲವನ್ನು ಹಿಂದಿನ ಗ್ರಂಥಕಾರರು ಮೆಣಸಿನ ಗಣಕ್ಕೆ ಸೇರಿಸಿದ್ದರು. 1953ರಲ್ಲಿ ಸ್ವಾಮಿಯವರು ಅದರ ಬಾಂಧವ್ಯಗಳನ್ನು ವಿಸ್ತಾರವಾಗಿ ವಿಮರ್ಶಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಹುಕಾಲ ಬೋಧಿಸಿ ಅಲ್ಲಿಯೇ ಪ್ರಾಂಶುಪಾಲರೂ ಆದರು.

ಅವರು ಗತಿಸಿದ ಮೇಲೆ, 1987ರಲ್ಲಿ, ಶೆರ್ವಿನ್ ಕಾರ್ಲ್‌ಕ್ವಿಸ್ಟರು ಸಾರ್ಕಾಂಡ್ರಾದ ಕಾಷ್ಠದಲ್ಲಿ ನಾಳಗಳನ್ನು ಕಂಡರು. ಆ ಒಂದು ಮಾತು ನಿಲ್ಲಲಿಲ್ಲವೆಂದು ಒಪ್ಪಲೇಬೇಕು. ಮುಚ್ಚಿಡುವುದು ಸ್ವಾಮಿಯವರ ಸ್ವಭಾವಕ್ಕೂ ಸಲ್ಲದು. ಆದರೆ 1999ರಲ್ಲಿ ವಂಶವಾಹಿಗಳ ಅಕ್ಷರಸರಣಿಯನ್ನು ಒಂದರೊಡನೊಂದು ತಾಳೆನೋಡಿದ ವಿಜ್ಞಾನಿಗಳಿಗೆ, ಇಂದು ಬದುಕಿರುವ ಹೂಗಿಡಗಳಲ್ಲಿ ಎಲ್ಲಕ್ಕಿಂತ ಮೊದಲು ಬೇರ್ಪಟ್ಟ ಕವಲಾಗಿ ಕಂಡುದು ಅದೇ ಆಂಬೊರೆಲ್ಲಾ. ಸಾರ್ಕಾಂಡ್ರಾದ ಕುಲಕ್ಕೆ ಈಗ ಪ್ರತ್ಯೇಕ ಗಣವಿದೆ. ಅಡ್ಡಗದ್ದೆಯ ಮೆಣಸಿಗೆ ಅದು ಹತ್ತಿರದ ದಾಯಾದಿಯಲ್ಲವೆಂದು ಇತ್ಯರ್ಥವಾಗಿದೆ.