ಸೆರೆಮನೆಗಳ ಲೆಕ್ಕ ಬರೆದ ಜಾನ್ ಹೊವಾರ್ಡ್



ಜನವರಿ 20 ಜಾನ್ ಹೊವಾರ್ಡ್ ಅವರ ಪುಣ್ಯತಿಥಿ. ಇಂಗ್ಲೆಂಡಿನ ಈ ಗೃಹಸ್ಥರಿಗೂ ನಮ್ಮ ಗಡಿನಾಡಿಗೂ ಏನು ಸಂಬಂಧ ಎಂದು ತಾವು ಕೇಳಬಹುದು. ತೀರ್ಪಿಗೆ ಮುನ್ನವೇ ಜೈಲಿನಲ್ಲಿ ಕೊಳೆಯುವ ಬಡವರ ಸ್ಥಿತಿಯನ್ನು ಊರೂರು ತಿರುಗಿ, ಕಣ್ಣಾರೆ ಕಂಡು, ಲೆಕ್ಕ ಸಮೇತ ಬರೆದಿಟ್ಟವರು ಅವರು. ಅಂಥ ಬಡವರು ನಮ್ಮ ಸಬ್ ಜೈಲುಗಳಲ್ಲಿ ಇಂದಿಗೂ ಇದ್ದಾರೆ. ಆದ್ದರಿಂದ ಈ ಬಾರಿ ಅವರನ್ನು ಸ್ಮರಿಸುತ್ತಿದ್ದೇವೆ.

ಹೊವಾರ್ಡ್ 1726ರಲ್ಲಿ ಲಂಡನ್ ಬಳಿ ಅನುಕೂಲಸ್ಥ ವ್ಯಾಪಾರಿಯ ಮಗನಾಗಿ ಹುಟ್ಟಿದರು. ತಂದೆ ತೀರಿಕೊಂಡಾಗ ಆಸ್ತಿ ಕೈಗೆ ಬಂತು. 1756ರ ಸುಮಾರಿಗೆ ಹಡಗಿನಲ್ಲಿ ಲಿಸ್ಬನ್‌ಗೆ ಹೊರಟಿದ್ದಾಗ ಫ್ರೆಂಚರ ಕೈಗೆ ಸಿಕ್ಕಿ ಬ್ರೆಸ್ಟ್ ಕೋಟೆಯಲ್ಲಿ ಸೆರೆಯಾದರು. ಸರಿಯಾದ ಅನ್ನ ನೀರಿಲ್ಲದೆ ಹುಲ್ಲಿನ ಮೇಲೆ ಮಲಗಿದರು. ಬಿಡುಗಡೆಯ ನಂತರ ಬೆಡ್‌ಫರ್ಡ್ ಬಳಿಯ ಕಾರ್ಡಿಂಗ್ಟನ್‌ನಲ್ಲಿ ನೆಲೆಸಿದರು. 1765ರಲ್ಲಿ ಪತ್ನಿ ಹೆನ್ರಿಯೆಟಾ ತೀರಿಕೊಂಡರು.

1773ರಲ್ಲಿ ಅವರು ಬೆಡ್‌ಫರ್ಡ್‌ಷೈರಿನ ಶೆರೀಫರಾದರು. ಜಿಲ್ಲೆಯ ಜೈಲು ಶೆರೀಫರ ಜವಾಬ್ದಾರಿ. ಆದರೆ ಹೆಚ್ಚಿನವರು ಆ ಕೆಲಸವನ್ನು ಕೈಕೆಳಗಿನವರಿಗೆ ಬಿಟ್ಟು ಸುಮ್ಮನಿರುತ್ತಿದ್ದರು. ಹೊವಾರ್ಡ್ ತಾವೇ ಒಳಗೆ ಹೋಗಿ ನೋಡಿದರು. ಅಲ್ಲಿನ ಜೈಲರನಿಗೆ ಸಂಬಳವಿರಲಿಲ್ಲ. ಕೈದಿಗಳಿಂದ ವಸೂಲು ಮಾಡುವ ಶುಲ್ಕವೇ ಅವನ ಜೀವನಾಧಾರ. ನ್ಯಾಯಾಲಯದಲ್ಲಿ ಖುಲಾಸೆಯಾದವರನ್ನೂ, ಆರೋಪವೇ ನಿಲ್ಲದವರನ್ನೂ ಶುಲ್ಕ ಕಟ್ಟಲಿಲ್ಲವೆಂದು ಮತ್ತೆ ಒಳಗೆ ತಳ್ಳಲಾಗುತ್ತಿತ್ತು. ಜೈಲರನಿಗೆ ಸಂಬಳ ಕೊಡಿ ಎಂದು ಹೊವಾರ್ಡ್ ಕೇಳಿದಾಗ, ಬೇರೆಲ್ಲಾದರೂ ಈ ಪದ್ಧತಿ ಇದೆಯೇ ತೋರಿಸಿ ಎಂದರು ಜಿಲ್ಲೆಯ ನ್ಯಾಯಾಧಿಕಾರಿಗಳು. ಕಚೇರಿಯಲ್ಲಿ ದುಡಿದ ನಮಗೆ ಈ ಉತ್ತರ ಹೊಸದಲ್ಲ.

ಹೊವಾರ್ಡ್ ಕುದುರೆ ಏರಿ ಪಕ್ಕದ ಜಿಲ್ಲೆಗಳಿಗೆ ಹೊರಟರು. ಎಲ್ಲೂ ಸಂಬಳ ಕಾಣಲಿಲ್ಲ, ಅನ್ಯಾಯ ಮಾತ್ರ ಎಲ್ಲೆಡೆ ಕಂಡಿತು. ಕೆಲವು ಕಡೆ ನ್ಯಾಯಾಧೀಶರು ವರ್ಷಕ್ಕೊಮ್ಮೆ ಬಂದು ವಿಚಾರಣೆ ನಡೆಸುತ್ತಿದ್ದರು. ಅಲ್ಲಿಯ ತನಕ ಆರೋಪಿ ಒಳಗೇ ಇರಬೇಕು. ಜೈಲು ಜ್ವರ ಎಂದು ಕರೆಯುತ್ತಿದ್ದ ಟೈಫಸ್‌ನಿಂದ ಸತ್ತವರು ಗಲ್ಲಿಗೇರಿದವರಿಗಿಂತ ಹೆಚ್ಚೆಂದು ಅವರು ಕಂಡುಕೊಂಡರು. ಅವರ ಬಟ್ಟೆಗೆ ಅಂಟಿದ ದುರ್ವಾಸನೆಯಿಂದ ಮುಚ್ಚಿದ ಗಾಡಿಯಲ್ಲಿ ಕೂರಲಾಗುತ್ತಿರಲಿಲ್ಲ. ಟಿಪ್ಪಣಿ ಪುಸ್ತಕದ ಹಾಳೆಗಳನ್ನೂ ಬೆಂಕಿಗೆ ಹಿಡಿದು ಕಾಯಿಸಬೇಕಾಗುತ್ತಿತ್ತು.

1774ರಲ್ಲಿ ಅವರು ಪಾರ್ಲಿಮೆಂಟಿನ ಮುಂದೆ ಸಾಕ್ಷ್ಯ ನುಡಿದರು. ಅದೇ ವರ್ಷ ಎರಡು ಕಾಯಿದೆಗಳು ಬಂದವು: ಖುಲಾಸೆಯಾದವರಿಂದ ಶುಲ್ಕ ಪಡೆಯಬಾರದು, ಜೈಲಿಗೆ ಸುಣ್ಣ ಬಳಿದು, ಗಾಳಿ ಬೆಳಕು ಕೊಟ್ಟು, ರೋಗಿಗಳಿಗೆ ಬೇರೆ ಕೋಣೆ ಇಡಬೇಕು. ಕಾಯಿದೆಯ ಪ್ರತಿಗಳನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಜೈಲುಗಳಿಗೆ ಕಳಿಸಿದರು. ಪಾಲನೆಯಾಗಿದೆಯೇ ಎಂದು ಮತ್ತೆ ಹೋಗಿ ನೋಡಿದರು, ಹಲವೆಡೆ ಆಗಿರಲಿಲ್ಲ. 1777ರ ಅವರ ಪುಸ್ತಕದಲ್ಲಿ ಎಣಿಸಿದ ಕೈದಿಗಳು 4,084. ಅವರಲ್ಲಿ 2,437 ಮಂದಿ ಸಾಲ ತೀರಿಸಲಾಗದವರು.

ಮುಂದೆ ಯುರೋಪಿನ ಜೈಲು, ಆಸ್ಪತ್ರೆಗಳನ್ನೂ ಸುತ್ತಿದರು. ಮನೆಯಲ್ಲಿ ಇದ್ದೊಬ್ಬ ಮಗನ ಬುದ್ಧಿ ಕೆಟ್ಟಿತು. ಆ ದುಃಖವನ್ನೂ ಹೊತ್ತು ತಿರುಗಿದರು. 1790ರಲ್ಲಿ, ಈಗ ಉಕ್ರೇನಿನಲ್ಲಿರುವ ಖೆರ್ಸೋನಿನಲ್ಲಿ ಜ್ವರಕ್ಕೆ ಬಲಿಯಾದರು. ಸ್ಮಾರಕ ಬೇಡವೆಂದಿದ್ದರೂ ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯಲ್ಲಿ ಅವರ ಪ್ರತಿಮೆ ನಿಂತಿತು.

ಇಂದು ನಮ್ಮ ದೇಶದ ಜೈಲುಗಳಲ್ಲಿ ಸುಮಾರು ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಜೈಲರನ ಶುಲ್ಕ ಹೋಗಿದೆ, ಜಾಮೀನಿನ ಹೊರೆ ಉಳಿದಿದೆ. ಗಡಿ ದಾಟಿ ಕೂಲಿಗೆ ಬಂದವನಿಗೆ ಸೋಲಾಪುರದ ಕಡೆ ಉತಾರ, ತಾಳವಾಡಿಯ ಕಡೆ ಪಟ್ಟಾ ಹಿಡಿದು ಬಂದು ಜಾಮೀನು ನಿಲ್ಲುವವರು ಯಾರು? ಕಾಗದಗಳು ಬೇರೆ ಭಾಷೆಯಲ್ಲಿದ್ದರೆ ತನ್ನ ಮೇಲಿನ ಆರೋಪ ಏನೆಂದೂ ಅವನಿಗೆ ತಿಳಿಯದು.

ಆದ್ದರಿಂದ ಸದಸ್ಯರು ಇಷ್ಟನ್ನು ನೆನಪಿಡಬೇಕಾಗಿ ವಿನಂತಿ. ಬಂಧನದಲ್ಲಿರುವ ಯಾರಿಗಾದರೂ ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ನ್ಯಾಯಾಲಯದಲ್ಲಿ ಸಾಕ್ಷ್ಯ ಅರ್ಥವಾಗದ ಭಾಷೆಯಲ್ಲಿದ್ದರೆ ಆರೋಪಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಕಳೆದ ವಿಚಾರಣಾಧೀನರಿಗೆ, ಹಿಂದೆ ಶಿಕ್ಷೆಯಾಗದವರಿಗೆ ಮೂರನೇ ಒಂದು ಭಾಗ ಕಳೆದಾಗ, ಬಿಡುಗಡೆಗೆ ಅವಕಾಶವಿದೆ. ಮರಣದಂಡನೆ, ಜೀವಾವಧಿ ಶಿಕ್ಷೆಯ ಆರೋಪಗಳಿಗೂ, ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇರುವವರಿಗೂ ಇದು ಅನ್ವಯಿಸದು. ಅವಧಿ ಮುಗಿದೊಡನೆ ನ್ಯಾಯಾಲಯಕ್ಕೆ ಬರೆಯುವುದು ಜೈಲು ಅಧೀಕ್ಷಕರ ಕರ್ತವ್ಯ.

ತಮ್ಮ ಊರಿನ ಸಬ್ ಜೈಲಿನಲ್ಲಿ ಕನ್ನಡ ಬಿಟ್ಟು ಬೇರೆ ಭಾಷೆ ಬಾರದವರು ಇದ್ದರೆ ಸಂಘಕ್ಕೆ ತಿಳಿಸಿ. ಅವರ ಕಾಗದಗಳನ್ನು ಓದಿ ಹೇಳಲು ಎರಡೂ ಭಾಷೆ ಬಲ್ಲ ಸದಸ್ಯರು ಮುಂದೆ ಬರಬೇಕು. ಮುಂದಿನ ಮಾಸಿಕ ಸಭೆಯಲ್ಲಿ ಹೆಸರುಗಳನ್ನು ಬರೆದುಕೊಳ್ಳುತ್ತೇವೆ.

— ಕಾರ್ಯದರ್ಶಿ