ಬಣ್ಣದ ಮೇಲಣ ಲೇಪ: ನಾಲ್ವಡಿ ಕೃಷ್ಣರಾಜ ಒಡೆಯರು

ನಮ್ಮೂರು ಮುಳಬಾಗಿಲು ತಾಲ್ಲೂಕಿನ ನಂಗಲಿ. ನಮ್ಮ ತಂದೆಯವರು ಅಲ್ಲಿಯ ಹೆದ್ದಾರಿಯ ಪಕ್ಕದಲ್ಲಿ ಲಾರಿ, ಕಾರುಗಳಿಗೆ ಬಣ್ಣ ಬಳಿಯುವವರು. ನಾಲ್ಕನೆಯ ತರಗತಿಗೇ ಅವರ ಓದು ನಿಂತಿತು. ಬಣ್ಣ ಎಲ್ಲರ ಕಣ್ಣಿಗೂ ಬೀಳುತ್ತದೆ, ಅದನ್ನು ಕಾಯುವ ಮೇಲಿನ ಲೇಪ ಯಾರಿಗೂ ಕಾಣದು ಎಂದು ಅವರು ಹೇಳುವುದುಂಟು. ಹಿಮ ಬೀಳುವ ದೇಶಗಳಲ್ಲಿ ಮಂಜುಗಡ್ಡೆ ಕರಗಲೆಂದು ರಸ್ತೆಗೆ ಚೆಲ್ಲುವ ಉಪ್ಪು ಕಾರಿನ ಕಬ್ಬಿಣವನ್ನು ತಿನ್ನುತ್ತದೆ. ನಮ್ಮಲ್ಲಿ ಬಿಸಿಲು ಬಣ್ಣವನ್ನು ತಿನ್ನುತ್ತದೆ. ಎರಡು ಕಡೆಯಲ್ಲಿಯೂ ಲೇಪವೇ ರಕ್ಷೆ. ಮೈಸೂರಿನಲ್ಲಿ ಬಣ್ಣದ ಕಾರ್ಖಾನೆಯನ್ನು ಸ್ಥಾಪಿಸಿದ ಮಹಾರಾಜರ ಚರಿತ್ರೆಯನ್ನು ಓದುವಾಗ ನನಗೆ ಈ ಮಾತೇ ನೆನಪಾಯಿತು.

ನಾಲ್ವಡಿ ಕೃಷ್ಣರಾಜ ಒಡೆಯರು 1884ರ ಜೂನ್ 4ರಂದು ಜನಿಸಿದರು. 1894ರಲ್ಲಿ ತಂದೆ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಬಾಲಕನಿಗೆ ಹತ್ತೇ ವರ್ಷ. ತಾಯಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿ ರಾಜ್ಯಭಾರವನ್ನು ನಡೆಸಿದರು. 1902ರ ಆಗಸ್ಟ್ 8ರಂದು ಮಹಾರಾಜರು ಅಧಿಕಾರವನ್ನು ವಹಿಸಿಕೊಂಡರು. ಶಿವನಸಮುದ್ರದ ವಿದ್ಯುತ್ತು ನಮ್ಮ ಕೋಲಾರದ ಚಿನ್ನದ ಗಣಿಗಳಿಗೆ ಹರಿದು ಬಂದುದೂ ಅದೇ ವರ್ಷ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಆದರೆ ಆ ಬಾಗಿಲು ಯಾರಿಗೆ ತೆರೆಯಬೇಕು? ಸರ್ಕಾರದ ಹುದ್ದೆಗಳು ಕೆಲವೇ ಜನರ ಕೈಯಲ್ಲಿದ್ದ ಕಾಲವದು. 1918ರಲ್ಲಿ ಮಹಾರಾಜರು ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ಹಳೆಯ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯವರೇ ಆದ ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಸಮ್ಮತವಾಗಲಿಲ್ಲ. ಅವರು ದಿವಾನಗಿರಿಯನ್ನು ಬಿಟ್ಟರು. ಅಂತಹ ಸಮರ್ಥ ದಿವಾನರನ್ನು ಕಳೆದುಕೊಂಡರೂ ಮಹಾರಾಜರು ಹಿಂದೆಗೆಯಲಿಲ್ಲ. ಹಿಂದುಳಿದವರಿಗೆ ಹುದ್ದೆಗಳಲ್ಲಿ ಪಾಲು ಕೊಡುವ ಆಜ್ಞೆ 1921ರಲ್ಲಿ ಹೊರಟಿತು.

1937ರಲ್ಲಿ ಅವರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಕಾರ್ಖಾನೆಯನ್ನು ಸ್ಥಾಪಿಸಿದರು. ಮರದ ರೆಂಬೆಗಳ ಮೇಲೆ ಸಣ್ಣ ಹುಳುಗಳು ಸ್ರವಿಸುವ ಅಂಟೇ ಅರಗು. ಅದನ್ನು ಶುದ್ಧಿಮಾಡಿ ಸ್ಪಿರಿಟ್ಟಿನಲ್ಲಿ ಕರಗಿಸಿದರೆ ಮರಕ್ಕೆ ಹೊಳಪನ್ನೂ ರಕ್ಷಣೆಯನ್ನೂ ಕೊಡುವ ವಾರ್ನಿಷ್ ಆಗುತ್ತದೆ. ಹೀಗೆ ಕಾಡಿನ ಪದಾರ್ಥ ನಾಡಿನ ಕೈಗಾರಿಕೆಯಾಯಿತು. 1940ರ ಆಗಸ್ಟ್ 3ರಂದು ಮಹಾರಾಜರು ಕಾಲವಾದರು.

ಕಾರ್ಖಾನೆ ಉಳಿಯಿತು, 1947ರಲ್ಲಿ ಅದು ಸರ್ಕಾರಕ್ಕೆ ಸೇರಿತು. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಮಸಿಯನ್ನು ತಯಾರಿಸುತ್ತಿದೆ. ಅರಸರೊಬ್ಬರು ಕಟ್ಟಿದ ಕಾರ್ಖಾನೆಯೇ ಇಂದು ಪ್ರಜೆಗಳ ಮತವನ್ನು ಕಾಯುತ್ತಿದೆ!

ಕಳೆದ ಚುನಾವಣೆಯಲ್ಲಿ ತಂದೆಯವರೂ ನಾನೂ ಒಟ್ಟಿಗೆ ಮತ ಹಾಕಿದೆವು. ಅವರ ಬೆರಳಿನ ಮೇಲೆ ಲಾರಿಯ ಬಣ್ಣವೂ ಇತ್ತು, ಮಸಿಯೂ ಇತ್ತು. ಸೀಮೆಎಣ್ಣೆಯಲ್ಲಿ ಉಜ್ಜಿದಾಗ ಬಣ್ಣ ಹೋಯಿತು, ಮಸಿ ಉಳಿಯಿತು. ನಮ್ಮ ಮನೆಯಿಂದ ಪದವಿಯ ತರಗತಿಗೆ ಬಂದವರಲ್ಲಿ ನಾನೇ ಮೊದಲಿಗ. ನಾನು ಕುಳಿತಿರುವ ಈ ಬೆಂಚಿನ ಹಿಂದೆ 1921ರ ಆ ಆಜ್ಞೆಯೂ ಇದೆ ಎಂದು ತಿಳಿಯಲು ನನಗೆ ಮೂರು ವರ್ಷ ಬೇಕಾಯಿತು.