ತಂದೆ ಆರಂಭಿಸಿದ ಕಥೆ, ಮಗ ಮುಗಿಸಿದ ಕಥೆ: ಬಾಬೂ ದೇವಕೀನಂದನ ಖತ್ರಿಯವರ ಜೀವನ

ಕಲ್ಯಾಣ, ಡೊಂಬಿವಲಿ, ಠಾಣೆಗಳಿಂದ ದಿನವೂ ಕೆಲಸಕ್ಕೆ ಹೋಗಿಬರುವ ನಮ್ಮ ಕನ್ನಡಿಗರಲ್ಲಿ ಹಿಂದೀ ಭಾಷೆಯನ್ನು ಶಾಲೆಯಲ್ಲಿ ಕಲಿಯದೆ, ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಅಥವಾ ಕಚೇರಿಯ ಮೇಜಿನ ಬಳಿ ಕಲಿತವರು ಅನೇಕರಿದ್ದಾರೆ. ಹೊಟ್ಟೆಪಾಡಿಗಾಗಿ ಪರಭಾಷೆಯನ್ನು ಕಲಿಯುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಒಂದು ಕಥೆಯ ಮುಂದಿನ ಭಾಗವನ್ನು ತಾವೇ ಓದಬೇಕೆಂಬ ಹಂಬಲದಿಂದ ಜನರು ಹೊಸ ಲಿಪಿಯನ್ನು ಕಲಿತರೆಂದರೆ ಅದು ಆಶ್ಚರ್ಯದ ಸಂಗತಿಯೇ ಸರಿ. ಅಂತಹ ಕಥೆಯನ್ನು ಬರೆದ ಮಹನೀಯರು ಕಾಶಿಯ ಬಾಬೂ ದೇವಕೀನಂದನ ಖತ್ರಿಯವರು. ೧೯೯೪ರಲ್ಲಿ ದೂರದರ್ಶನದಲ್ಲಿ ಆರಂಭವಾದ ‘ಚಂದ್ರಕಾಂತಾ’ ಧಾರಾವಾಹಿಯನ್ನು ಭಾನುವಾರದ ಬೆಳಿಗ್ಗೆ ಕಣ್ಣರಳಿಸಿ ನೋಡಿದವರು ನಮ್ಮಲ್ಲಿ ಕಡಮೆಯಿಲ್ಲ. ಆದರೆ ಅದಕ್ಕೆ ಮೂಲವಾದ ಕಾದಂಬರಿಯನ್ನು ಬರೆದವರಾರು, ಅವರ ಬಾಳು ಎಂತಹದು ಎಂಬುದನ್ನು ಬಲ್ಲವರು ವಿರಳ.

ಖತ್ರಿಯವರ ಪೂರ್ವಜರು ಪಂಜಾಬದವರು. ಮಹಾರಾಜ ರಣಜಿತಸಿಂಹನ ಮಗನಾದ ಶೇರಸಿಂಹನ ಕಾಲದಲ್ಲಿ ತಂದೆ ಲಾಲಾ ಈಶ್ವರದಾಸರು ಆ ನಾಡನ್ನು ಬಿಟ್ಟು ಕಾಶಿಗೆ ಬಂದು ನೆಲೆಸಿದರು. ಹೀಗೆ ಊರು ಬಿಟ್ಟು ಊರಿಗೆ ಬಂದ ಮನೆತನದಲ್ಲಿ ದೇವಕೀನಂದನರು ಹುಟ್ಟಿದರು. ಅವರ ಜನನವಾದುದು ೧೮೬೧ರಲ್ಲಿ, ಬಿಹಾರದ ಪೂಸಾ ಎಂಬಲ್ಲಿ, ತಾಯಿಯ ತವರುಮನೆಯಲ್ಲಿ. ಅಂದಿನ ಪದ್ಧತಿಯಂತೆ ಅವರ ಮೊದಲ ವಿದ್ಯಾಭ್ಯಾಸವು ಉರ್ದು ಮತ್ತು ಪಾರಸೀ ಭಾಷೆಗಳಲ್ಲಿ ನಡೆಯಿತು. ಹಿಂದೀ, ಸಂಸ್ಕೃತ ಮತ್ತು ಇಂಗ್ಲಿಷುಗಳನ್ನು ಅವರು ಕಾಶಿಗೆ ಬಂದ ತರುವಾಯ ಕಲಿತರು. ಮುಂದೆ ಹಿಂದಿಗೆ ಅಸಂಖ್ಯ ಓದುಗರನ್ನು ದೊರಕಿಸಿಕೊಟ್ಟವರು ಸ್ವತಃ ಹಿಂದಿಯನ್ನು ತಡವಾಗಿ ಕಲಿತವರು ಎಂಬುದು ಗಮನಾರ್ಹವಾದ ಸಂಗತಿ.

ಯೌವನದಲ್ಲಿ ಅವರು ಗಯಾ ಪ್ರಾಂತದ ಟಿಕಾರಿ ಸಂಸ್ಥಾನದಲ್ಲಿ ಕೆಲಸಮಾಡಿದರು. ಅಲ್ಲಿಂದ ಕಾಶಿಗೆ ಮರಳಿದ ಮೇಲೆ ಕಾಶೀನರೇಶ ಈಶ್ವರೀನಾರಾಯಣ ಸಿಂಹರ ಪರಿಚಯವು ಅವರಿಗೆ ದೊರೆಯಿತು. ಅದರ ಫಲವಾಗಿ ಚಕಿಯಾ ಮತ್ತು ನೌಗಢದ ಅಡವಿಗಳ ಗುತ್ತಿಗೆಯು ಅವರ ಪಾಲಿಗೆ ಬಂದಿತು. ಗುತ್ತಿಗೆದಾರರು ಸಾಮಾನ್ಯವಾಗಿ ಮರದ ಲೆಕ್ಕವನ್ನು ಮಾತ್ರ ನೋಡುವರು. ಖತ್ರಿಯವರಾದರೋ ದಿನಗಟ್ಟಲೆ ಕಾಡಿನಲ್ಲಿ ಅಲೆದು ವಿಂಧ್ಯದ ಗುಡ್ಡಗಳನ್ನೂ, ಝರಿಗಳನ್ನೂ, ಕಣಿವೆಗಳನ್ನೂ, ಪಾಳುಬಿದ್ದ ಕೋಟೆಕೊತ್ತಲಗಳನ್ನೂ ಕಣ್ತುಂಬ ನೋಡಿದರು.

ಕೆಲವು ವರ್ಷಗಳಲ್ಲಿ ಆ ಗುತ್ತಿಗೆಯು ಅವರ ಕೈತಪ್ಪಿತು. ಜೀವನೋಪಾಯವೇ ಹೋದ ಮೇಲೆ ಎದೆಗುಂದುವುದು ಮನುಷ್ಯಸ್ವಭಾವ. ಖತ್ರಿಯವರ ಕೈಯಲ್ಲಿ ಆಗ ಉಳಿದದ್ದು ಆ ಕಾಡಿನ ನೆನಪು ಮಾತ್ರ. ಅದನ್ನೇ ಬಂಡವಾಳವನ್ನಾಗಿ ಮಾಡಿಕೊಂಡು ಅವರು ಲೇಖನಿಯನ್ನು ಹಿಡಿದರು. ೧೮೮೮ರಲ್ಲಿ ‘ಚಂದ್ರಕಾಂತಾ’ ಕಾದಂಬರಿಯು ಬೆಳಕು ಕಾಣತೊಡಗಿತು. ನೌಗಢದ ರಾಜಕುಮಾರ ವೀರೇಂದ್ರಸಿಂಹನೂ ವಿಜಯಗಢದ ರಾಜಕುಮಾರಿ ಚಂದ್ರಕಾಂತೆಯೂ ಪರಸ್ಪರ ಒಲಿದಿರುವರು. ವಿಜಯಗಢದ ದಿವಾನನ ಮಗ ಕ್ರೂರಸಿಂಹನು ಅವರಿಗೆ ಅಡ್ಡಬರುವನು. ಚುನಾರದ ಅರಸು ಶಿವದತ್ತನೂ ರಾಜಕುಮಾರಿಯನ್ನು ಬಯಸುವನು. ಕಥೆಯ ಹಂದರ ಇಷ್ಟೆ.

ಆದರೆ ಕಥೆಯನ್ನು ನಡೆಸುವವರು ರಾಜರಲ್ಲ, ‘ಐಯಾರ’ರು. ಐಯಾರನೆಂದರೆ ಅರಸನ ಸೇವೆಯಲ್ಲಿರುವ ಗೂಢಚಾರ. ಅವನು ಹೆಗಲಿನ ಚೀಲದಲ್ಲಿ ವೇಷದ ಸಾಮಗ್ರಿಯನ್ನೂ, ಮೂರ್ಛೆ ಬರಿಸುವ ಪುಡಿಯನ್ನೂ, ಮೂರ್ಛೆ ತಿಳಿಸುವ ಔಷಧವನ್ನೂ ಇಟ್ಟುಕೊಂಡಿರುವನು. ಗೋಡೆ ಹತ್ತಲು ಹಗ್ಗವನ್ನು ಹೊತ್ತಿರುವನು. ಬೇಕೆಂದಾಗ ಮುದುಕನಾಗುವನು, ಹೆಣ್ಣಾಗುವನು, ವೈರಿಯ ಆಳೇ ಆಗಿಬಿಡುವನು. ಇಷ್ಟಾದರೂ ಅವನ ವೃತ್ತಿಗೆ ಒಂದು ಧರ್ಮವುಂಟು. ಐಯಾರನು ಐಯಾರನನ್ನು ಕೊಲ್ಲಲಾಗದು. ಸಿಕ್ಕಿಬಿದ್ದವನನ್ನು ಸೆರೆಯಲ್ಲಿಡಬಹುದು, ಅಷ್ಟೆ. ವೀರೇಂದ್ರಸಿಂಹನ ಐಯಾರನಾದ ತೇಜಸಿಂಹನ ಜಾಣ್ಮೆಯನ್ನು ಓದುಗರು ಆ ರಾಜಕುಮಾರನ ಪರಾಕ್ರಮಕ್ಕಿಂತ ಹೆಚ್ಚಾಗಿ ಮೆಚ್ಚಿಕೊಂಡರು. ಒಡೆಯನ ಹೆಸರು ಉಳಿಯುವುದು ಸೇವಕನ ಬುದ್ಧಿಯಿಂದ ಎಂಬುದನ್ನು ದುಡಿಯುವ ಜನರು ಒಪ್ಪದಿರುವರೆ?

ಐಯಾರರ ಜೊತೆಗೆ ಕಥೆಯಲ್ಲಿ ‘ತಿಲಿಸ್ಮು’ ಇದೆ. ನಿಧಿಯನ್ನು ಒಳಗಿಟ್ಟುಕೊಂಡ, ಒಳಹೊಕ್ಕವನನ್ನು ದಿಕ್ಕುತಪ್ಪಿಸುವ ಮಾಯಾಕೋಟೆಯೇ ಅದು. ಉರ್ದುವಿನ ಹಳೆಯ ದಾಸ್ತಾನುಗಳಲ್ಲಿ ಇಂತಹ ಕೋಟೆಯನ್ನು ಮಾಂತ್ರಿಕರು ಕಟ್ಟುತ್ತಿದ್ದರು. ಖತ್ರಿಯವರು ಮಂತ್ರವನ್ನು ದೂರವಿಟ್ಟು, ಯಂತ್ರ, ಕೀಲು, ಸುರಂಗ, ಮದ್ದುಗಳಿಂದ ಆ ಅದ್ಭುತವನ್ನು ವಿವರಿಸಿದರು. ಹಳೆಯ ಮಾಯೆಯೂ ಹೊಸ ಕಾಲದ ತರ್ಕವೂ ಹೀಗೆ ಒಂದೆಡೆ ಕೂಡಿದವು.

ಪುಸ್ತಕದ ಕೀರ್ತಿಯು ಬೇಗನೆ ಹಬ್ಬಿತು. ಅಂದು ಆ ಸೀಮೆಯ ಕೋರ್ಟುಕಚೇರಿಗಳಲ್ಲಿ ಉರ್ದು ಲಿಪಿಯದೇ ಆಡಳಿತ. ನೌಕರಿಯನ್ನು ಬಯಸುವವನು ಅದನ್ನೇ ಕಲಿಯುತ್ತಿದ್ದನು. ನಾಗರೀ ಲಿಪಿಗೆ ಕಚೇರಿಯಲ್ಲಿ ಅನುಮತಿ ದೊರೆತದ್ದು ೧೯೦೦ರಲ್ಲಿ. ಅಂತಹ ಕಾಲದಲ್ಲಿ ಉರ್ದು ಮಾತ್ರ ಬಲ್ಲವರು ಈ ಒಂದು ಕಥೆಗಾಗಿ ನಾಗರೀ ಅಕ್ಷರಗಳನ್ನು ತಿದ್ದಿದರು. ಹಿಂದೀ ಸಾಹಿತ್ಯದ ಇತಿಹಾಸವನ್ನು ಬರೆದ ಆಚಾರ್ಯ ರಾಮಚಂದ್ರ ಶುಕ್ಲರು ಈ ಕಾದಂಬರಿಗಳಿಗೆ ಸಾಹಿತ್ಯದ ಉನ್ನತ ಪೀಠವನ್ನು ಕೊಡಲು ಒಪ್ಪಲಿಲ್ಲ. ಇವು ಘಟನೆಗಳ ಕಥೆಗಳೇ ಹೊರತು ಮನುಷ್ಯಜೀವನದ ಚಿತ್ರಗಳಲ್ಲವೆಂಬುದು ಅವರ ಅಭಿಪ್ರಾಯ. ಆದರೂ ಖತ್ರಿಯವರು ದೊರಕಿಸಿದಷ್ಟು ಓದುಗರನ್ನು ಹಿಂದಿಗೆ ಇನ್ನಾವ ಗ್ರಂಥಕರ್ತನೂ ದೊರಕಿಸಲಿಲ್ಲವೆಂದು ಅವರೇ ಒಪ್ಪಿಕೊಂಡರು. ವಿಮರ್ಶಕನೊಬ್ಬನು ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟ ಈ ಪ್ರಶಸ್ತಿಗೆ ಬೆಲೆ ಹೆಚ್ಚು.

‘ಚಂದ್ರಕಾಂತಾ’ ನಾಲ್ಕು ಭಾಗಗಳಲ್ಲಿ ಮುಗಿಯಿತು. ಓದುಗರ ಹಸಿವು ಮುಗಿಯಲಿಲ್ಲ. ನಾಯಕ ನಾಯಕಿಯರ ಮಕ್ಕಳಾದ ಇಂದ್ರಜಿತಸಿಂಹ, ಆನಂದಸಿಂಹರ ಕಥೆಯಾಗಿ ‘ಚಂದ್ರಕಾಂತಾ ಸಂತತಿ’ ಹೊರಟಿತು. ಅದು ಬೆಳೆದು ೨೪ ಭಾಗಗಳಾಯಿತು. ೧೮೯೮ರಲ್ಲಿ ಖತ್ರಿಯವರು ಕಾಶಿಯಲ್ಲಿ ‘ಲಹರಿ ಪ್ರೆಸ್’ ಎಂಬ ಸ್ವಂತ ಮುದ್ರಣಾಲಯವನ್ನು ತೆರೆದರು. ೧೯೦೦ರಲ್ಲಿ ಮಾಧವಪ್ರಸಾದ ಮಿಶ್ರರ ಸಂಪಾದಕತ್ವದಲ್ಲಿ ‘ಸುದರ್ಶನ’ ಎಂಬ ಮಾಸಪತ್ರಿಕೆಯನ್ನೂ ಹೊರಡಿಸಿದರು. ‘ನರೇಂದ್ರ ಮೋಹಿನಿ’, ‘ಕುಸುಮ ಕುಮಾರಿ’, ‘ಕಾಜರ್ ಕೀ ಕೋಠರಿ’ ಮೊದಲಾದ ಬೇರೆ ಕಾದಂಬರಿಗಳೂ ಅವರಿಂದ ಬಂದವು. ಅಡವಿಯ ಗುತ್ತಿಗೆಯನ್ನು ಕಳೆದುಕೊಂಡವರು ಈಗ ತಮ್ಮ ಬರೆಹದ ಅನ್ನವನ್ನು ಉಣ್ಣುವವರಾದರು.

‘ಸಂತತಿ’ಯ ಪಾತ್ರಗಳಲ್ಲಿ ಓದುಗರನ್ನು ಬಹಳ ಕಾಡಿದವನು ಭೂತನಾಥನೆಂಬ ಐಯಾರ. ತೇಜಸಿಂಹನಂತೆ ಅವನು ನಿಷ್ಕಳಂಕನಲ್ಲ. ಅವನ ಹಿಂದಿನ ಬಾಳಿನಲ್ಲಿ ಪಾಪದ ಹೊರೆಯಿದೆ. ಅದು ಬಯಲಾದೀತೆಂಬ ಭಯ ಅವನಿಗೆ ಹಗಲಿರುಳೂ ಇದೆ. ಒಳ್ಳೆಯವನಾಗಿ ಹೆಸರು ಪಡೆಯಬೇಕೆಂಬ ಆಸೆಯೂ ಅಷ್ಟೇ ಬಲವಾಗಿದೆ. ಇವನ ಪೂರ್ವವೃತ್ತಾಂತವನ್ನು ಹೇಳಲೆಂದು ಖತ್ರಿಯವರು ‘ಭೂತನಾಥ’ ಎಂಬ ಮತ್ತೊಂದು ಮಾಲೆಯನ್ನು ಕೈಗೆತ್ತಿಕೊಂಡರು. ಆರು ಭಾಗಗಳು ಮುಗಿದವು. ೧೯೧೩ರ ಆಗಸ್ಟ್ ೧ರಂದು, ೫೨ರ ವಯಸ್ಸಿನಲ್ಲಿ, ಅವರು ಕಾಲವಶರಾದರು. ಭೂತನಾಥನ ಪಾಪದ ಗಂಟು ಬಿಚ್ಚದೆ ಉಳಿಯಿತು.

ಮನೆಯಲ್ಲಿ ಹಿರಿಯ ಮಗ ದುರ್ಗಾಪ್ರಸಾದ ಖತ್ರಿಯವರಿದ್ದರು. ಅವರು ಹುಟ್ಟಿದ್ದು ೧೮೯೫ರಲ್ಲಿ. ಹಿಂದಿನ ವರ್ಷವಷ್ಟೇ ವಿಜ್ಞಾನ, ಗಣಿತಗಳಲ್ಲಿ ವಿಶೇಷ ಯೋಗ್ಯತೆಯನ್ನು ತೋರಿಸಿ ಶಾಲೆಯ ಕೊನೆಯ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದ್ದರು. ಹದಿನೆಂಟರ ಆಸುಪಾಸಿನ ತರುಣನ ಮುಂದೆ ಈಗ ಮುದ್ರಣಾಲಯವೂ ಅರ್ಧ ಹೇಳಿದ ಕಥೆಯೂ ಇದ್ದವು. ಯಜಮಾನನು ತೀರಿಕೊಂಡ ಮೇಲೂ ಅದೇ ರುಚಿಯನ್ನು ಬಯಸಿ ಗಿರಾಕಿಯು ಬರುವ ಹೋಟೆಲಿನ ಕಷ್ಟವನ್ನು ನಾವು ಬಲ್ಲೆವು. ರುಚಿ ಕೆಟ್ಟರೆ ಮಗನನ್ನು ನಿಂದಿಸುವರು. ರುಚಿ ಉಳಿದರೆ ತಂದೆಯನ್ನು ಹೊಗಳುವರು. ದುರ್ಗಾಪ್ರಸಾದರು ಅದನ್ನು ಲೆಕ್ಕಿಸದೆ ಲೇಖನಿಯನ್ನು ಎತ್ತಿಕೊಂಡರು. ಉಳಿದ ೧೫ ಭಾಗಗಳನ್ನು ಅವರೇ ಬರೆದು ‘ಭೂತನಾಥ’ವನ್ನು ೨೧ ಭಾಗಗಳಲ್ಲಿ ಪೂರ್ಣಗೊಳಿಸಿದರು. ಅದೇ ತಿಲಿಸ್ಮಿನ ಲೋಕವನ್ನು ಮುಂದುವರಿಸಿ ‘ರೋಹತಾಸಮಠ’ವನ್ನೂ ರಚಿಸಿದರು.

ತಂದೆಯ ಸಾಲವನ್ನು ತೀರಿಸಿದ ಮೇಲೆ ಮಗನು ಸ್ವಂತ ದಾರಿಯನ್ನು ಹಿಡಿದರು. ‘ಪ್ರತಿಶೋಧ’, ‘ಲಾಲ್ ಪಂಜಾ’, ‘ರಕ್ತಮಂಡಲ’, ‘ಸುಫೇದ್ ಶೈತಾನ್’ ಮೊದಲಾದ ಪತ್ತೇದಾರಿ ಕಾದಂಬರಿಗಳಲ್ಲಿ ಅವರು ಗುಪ್ತಸಂಘಗಳ ಕಥೆಯನ್ನು ಹೆಣೆದರು. ಬ್ರಿಟಿಷರ ಆಳ್ವಿಕೆಯ ಆ ದಿನಗಳಲ್ಲಿ, ತಂದೆಯ ಗೂಢಚಾರನು ಅರಸನಿಗಾಗಿ ವೇಷ ಹಾಕಿದ್ದರೆ ಮಗನ ಗೂಢಚಾರನು ದೇಶದ ಬಿಡುಗಡೆಗಾಗಿ ವೇಷ ಹಾಕಿದನು. ಶಾಲೆಯಲ್ಲಿ ಕಲಿತ ವಿಜ್ಞಾನವೂ ಕಥೆಯೊಳಗೆ ಬಂದು ಸೇರಿತು. ದುರ್ಗಾಪ್ರಸಾದರು ೧೯೭೪ರವರೆಗೆ ಬಾಳಿದರು.

ಒಬ್ಬರ ಕಥೆಯನ್ನು ಮತ್ತೊಬ್ಬರು ಮುಂದುವರಿಸುವುದು ಲೋಕದಲ್ಲಿ ಹೊಸದಲ್ಲ. ಲಖನೌದ ನವಲಕಿಶೋರ ಮುದ್ರಣಾಲಯವು ಹೊರತಂದ ಉರ್ದುವಿನ ‘ತಿಲಿಸ್ಮೆ ಹೋಶರುಬಾ’ದ ಮೊದಲ ನಾಲ್ಕು ಸಂಪುಟಗಳನ್ನು ಮುಹಮ್ಮದ ಹುಸೇನ ಜಾಹ್ ಬರೆದರೆ, ಮುಂದಿನವನ್ನು ಅಹಮದ ಹುಸೇನ ಕಮರ್ ಬರೆದರು. ಇಂಗ್ಲೆಂಡಿನಲ್ಲಿ ಜೇಮ್ಸ್ ಬಾಂಡನನ್ನು ಸೃಷ್ಟಿಸಿದ ಇಯಾನ್ ಫ್ಲೆಮಿಂಗ್ ೧೯೬೪ರಲ್ಲಿ ತೀರಿಕೊಂಡರು. ೧೯೬೮ರಲ್ಲಿ ಕಿಂಗ್ಸ್ಲಿ ಏಮಿಸ್ ಬೇರೊಂದು ಹೆಸರಿನಲ್ಲಿ ಆ ಗೂಢಚಾರನ ಕಥೆಯನ್ನು ಮುಂದುವರಿಸಿದರು. ೧೯೮೧ರಿಂದ ಜಾನ್ ಗಾರ್ಡನರ್ ಬರೆದರು. ಅವರ ತರುವಾಯವೂ ಹಲವರು ಬರೆದರು. ಕಾಶಿಯಲ್ಲಿ ಒಂದು ಮನೆಯೊಳಗೆ ನಡೆದ ಕೆಲಸವು ಬಾಂಡನ ಈ ಮುಂದುವರಿಕೆಗಿಂತ ಅರ್ಧ ಶತಮಾನ ಹಿಂದಿನದು.

ನಮ್ಮ ಕನ್ನಡಕ್ಕೂ ಇಂತಹ ಋಣವಿದೆ. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ತಂದ ಕಾದಂಬರಿಗಳಿಂದ ನಮ್ಮ ಹಿರಿಯರು ಓದುವ ರುಚಿಯನ್ನು ಕಂಡರು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರಿಗೆ ಹೋಗಿ ಮಾರಿದರು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಪಂಡಿತರು ಎಣಿಕೆಗೆ ತಾರದಿದ್ದರೂ ಸಾಮಾನ್ಯ ಓದುಗರು ಕೈಬಿಡಲಿಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ನಮ್ಮ ಹುಡುಗರಿಗೆ, ಪಾಠದ ಪುಸ್ತಕವನ್ನು ಮುಚ್ಚಿದ ಮೇಲೂ ಓದುವ ಆಸೆಯನ್ನು ಉಳಿಸಬಲ್ಲದ್ದು ಇಂತಹ ಕಥೆಗಳೇ.

ಬಾಬೂ ದೇವಕೀನಂದನ ಖತ್ರಿಯವರು ದೊಡ್ಡ ತತ್ತ್ವವನ್ನು ಬೋಧಿಸಲಿಲ್ಲ. ಕೈತಪ್ಪಿದ ಕೆಲಸದಿಂದ ಕಥೆಯನ್ನು ಪಡೆದರು. ಕಥೆಯಿಂದ ಜನರಿಗೆ ಅಕ್ಷರವನ್ನು ಕೊಟ್ಟರು. ಅವರು ಅರ್ಧಕ್ಕೆ ಬಿಟ್ಟುಹೋದ ಮಾತನ್ನು ಮಗನು ಪೂರ್ತಿಗೊಳಿಸಿ, ಕಾದಿದ್ದ ಓದುಗರಿಗೆ ಒಪ್ಪಿಸಿದರು. ಇಂತಹ ಬಾಳನ್ನು ಸಾರ್ಥಕವೆನ್ನದೆ ಬೇರೇನೆನ್ನಬೇಕು?